ಕೊಪ್ಪರಿಗೆಯ ತಳ

ಮೂರು ಬೆಟ್ಟದಷ್ಟು ದೊಡ್ಡದಾದ ಆಕಾಶನೌಕೆಯೊಂದರ ನೂರು ದಿನದ ಬಿಸಿಯನ್ನು ನಾನೊಬ್ಬನೇ, ಈ ಎರಡು ಅಂಗೈಯಲ್ಲಿ ಮೊಗೆದು ಮೊಗೆದು ಆಕಾಶಕ್ಕೆ ಚೆಲ್ಲಿ, ಪಂಚೆಗೆ ಕೈ ಒರೆಸಿಕೊಂಡು ಮನೆಗೆ ಬಂದು ಮುದ್ದೆ ಉಂಡಿದ್ದೇನೆ. ಆವತ್ತು ಸೂರ್ಯ ಒಂದು ಗಳಿಗೆ ಮೋಡದ ಹಿಂದೆ ಸರಿದು ನಿಂತ. ನಾಚಿಕೆಯಿಂದ ಎಂದು ಊರಿನವರು ಹೇಳುತ್ತಾರೆ. ನಾನು ಹೇಳುವುದಿಲ್ಲ, ನನಗೆ ಜಂಬ ಆಗಿಬರುವುದಿಲ್ಲ. ನಂಬಿಕೆ ಬಾರದವರು ಬಂದು ನನ್ನ ಅಂಗೈ ನೋಡಬಹುದು. ರೇಖೆ ರೇಖೆಯೂ ಕಪ್ಪಗಿದೆ. ಮೂವತ್ತು ವರ್ಷ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಕಪ್ಪು.

ನನ್ನ ಹೆಸರು ಜವರಯ್ಯ. ಊರ ಛತ್ರದ ಹನ್ನೆರಡು ಹಿತ್ತಾಳೆ ಕೊಪ್ಪರಿಗೆಗಳನ್ನು ನೋಡಿಕೊಳ್ಳುವವನು. ನಮ್ಮಪ್ಪನೂ ಅದೇ ಕೆಲಸದಲ್ಲಿದ್ದ, ಅವರಪ್ಪನೂ. ಅವು ಎಂಥ ಕೊಪ್ಪರಿಗೆಗಳೆಂದರೆ, ಒಮ್ಮೆ ಎಮ್ಮೆಯೊಂದು ನೀರು ಕುಡಿಯಲು ಬಗ್ಗಿ ಒಳಗೆ ಬಿದ್ದು, ದಡ ಕಾಣದೆ ಮೂರು ದಿನ ಈಜಿ, ನಾಲ್ಕನೆಯ ದಿನ ಕರುವಿನ ಜೊತೆ ಮೇಲೆ ಬಂತು. ನಾನು ಬೆಳಗಿದ ಕೊಪ್ಪರಿಗೆಯಲ್ಲಿ ಮುಖ ನೋಡಿಕೊಂಡವರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಹಾಗಾಗಿಯೇ ಎರಡು ಮದುವೆಗಳು ಕುದುರಿವೆ. ಇದನ್ನೆಲ್ಲ ಜಗಲಿಯ ಮೇಲೆ ಕೂತು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆಯುತ್ತಿದ್ದೇನೆ. ನನ್ನ ಬೆನ್ನಿಗೆ ಬೆನ್ನು ಕೊಟ್ಟು ನನ್ನ ಹೆಂಡತಿ ಚೆಲುವಮ್ಮ ಅವರೆಕಾಯಿ ಸುಲಿಯುತ್ತಿದ್ದಾಳೆ. ಎಮ್ಮೆಯ ಸಾಲಿಗೆ ಬಂದಾಗ ಅವಳು ಒಮ್ಮೆ ಕೆಮ್ಮಿದಳು.

"ಕರ ಎಲ್ಲಿಂದ ಬಂತು?" ಎಂದಳು.

"ಈಜುವಾಗ ಹಾಕಿತು."

"ಹ್ಞೂಂ. ಬರಿ, ಬರಿ."

ಗಂಡಹೆಂಡಿರು ಬೆನ್ನಿಗೆ ಬೆನ್ನು ಕೊಟ್ಟು ಯಾಕೆ ಕೂರುತ್ತೀರಿ, ಜಗಳವಾ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಜಗಳವೇನೂ ಇಲ್ಲ. ನಮ್ಮೂರಿನಲ್ಲಿ ಬಿಸಿ ತಾನಾಗಿ ಆರುವುದಿಲ್ಲ, ಅಷ್ಟೇ. ಅದಕ್ಕೆ ಆಕಾಶ ತೋರಿಸಬೇಕು. ಅಡುಗೆಮನೆಯಲ್ಲಿ ಲೋಟಕ್ಕೆ ಬಗ್ಗಿಸಿದ ಕಾಫಿಯನ್ನು ಅಂಗಳಕ್ಕೆ ತಂದು ಒಂದು ನಿಮಿಷ ಹಿಡಿದುಕೊಂಡು ನಿಲ್ಲದಿದ್ದರೆ ಅದು ನಾಳೆಯೂ ನಾಲಿಗೆ ಸುಡುತ್ತದೆ. ನನ್ನ ಸೋದರಮಾವ ಅಟ್ಟದ ಮೇಲೆ ಮರೆತಿದ್ದ ಹಾಲು ಹನ್ನೊಂದು ವರ್ಷ ಹಾಗೇ ಹಬೆಯಾಡುತ್ತಿತ್ತು. ಜ್ವರ ಬಂದವರನ್ನು ನಾವು ಮಂಚ ಸಮೇತ ಹೊರಗೆ ತರುತ್ತೇವೆ. ಎಲ್ಲರ ಮನೆಯ ಮಾಡಿನಲ್ಲೂ ಸರಿಸುವ ಹಲಗೆ ಇರುತ್ತದೆ. ಇನ್ನು ಎದುರುಬದುರು ಕೂತರೆ ಏನಾಗುತ್ತದೆ ನೀವೇ ಲೆಕ್ಕ ಹಾಕಿ: ನನ್ನ ಬಿಸಿ ನಿಮಗೆ, ನಿಮ್ಮದು ನನಗೆ, ಎರಡೂ ಎಲ್ಲಿಗೂ ಹೋಗದೆ ಇಬ್ಬರೂ ಬೆವರುತ್ತಾ ಕೂರಬೇಕು. ಆದ್ದರಿಂದ ಮುಖ ಬಯಲಿನ ಕಡೆ, ಬೆನ್ನು ಬೇಕಾದವರ ಕಡೆ. ಹಸುಗೂಸುಗಳಿಗೂ ನಡುಕ ಹತ್ತಿದವರಿಗೂ ಮಾತ್ರ ಎದುರಿಗೆ ಕೂರುತ್ತೇವೆ. ಅದಕ್ಕೆ ಮುಖ ಕೊಡುವುದು ಎನ್ನುತ್ತೇವೆ. ಸುಮ್ಮನೆ ಯಾರಿಗೂ ಮುಖ ಕೊಡುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕರಿಮಡಕೆ ಆಕಾಶ ಕಂಡ ಕೂಡಲೆ ಬಿಸಿಯನ್ನು ಬಿಟ್ಟುಕೊಡುತ್ತದೆ. ಬೆಳಗಿದ ಹಿತ್ತಾಳೆಗೆ ಎಷ್ಟು ಆಕಾಶ ತೋರಿಸಿದರೂ ಅದು ಹೊಸ ಮದುಮಗಳ ಹಾಗೆ ತನ್ನ ಹೊಳಪನ್ನೇ ನೋಡಿಕೊಂಡು ಬಿಸಿಯನ್ನು ಬಿಗಿಹಿಡಿದು ಕೂರುತ್ತದೆ. ಆದ್ದರಿಂದಲೇ ಮೊಸರನ್ನಕ್ಕೆ ಮಡಕೆ, ಹುಳಿಗೆ ನನ್ನ ಕೊಪ್ಪರಿಗೆ. ಬೆಳಗ್ಗೆ ಮಾಡಿದ ಹುಳಿಯನ್ನು ಸಂಜೆ ಬಂದ ಬೀಗರಿಗೂ ಊದಿಕೊಂಡು ಉಣ್ಣುವ ಹಾಗೆ ಬಡಿಸಬಹುದು. ನನ್ನ ಕೆಲಸದ ಘನತೆ ಏನೆಂದು ಇದರಿಂದ ತಿಳಿದಿರಬಹುದು.

ನೌಕೆಗಳು ನಮ್ಮೂರಿಗೆ ಬರುವುದೂ ಈ ಬಿಸಿಯ ಸಲುವಾಗಿಯೇ. ಅಲ್ಲಿ ಮೇಲೆ ಗಾಳಿಯಿಲ್ಲ, ನೀರಿಲ್ಲ. ನೌಕೆಯ ಹೊಟ್ಟೆಯಲ್ಲಿ ಹಗಲಿರುಳು ಉರಿಯುವ ಬೆಂಕಿಯ ಬಿಸಿ ಯಾರ ಕೈ ಹಿಡಿದು ಹೊರಗೆ ಹೋಗಬೇಕು? ಎರಡು ರೆಕ್ಕೆ ಬಿಚ್ಚಿ ಕತ್ತಲೆಗೆ ತೋರಿಸಿದರೆ ಮಾತ್ರ ಹೋಗುತ್ತದೆ. ಆ ರೆಕ್ಕೆಗಳು ಹಾರುವುದಕ್ಕಲ್ಲ, ತಾಮ್ರದ ತಗಡಿನವು, ಮೇಲೆ ಕಪ್ಪು ಬಳಿದಿರುತ್ತದೆ. ಹಾರುವ ಮರಳು ಬಡಿದು ಅವು ಹರಿದುಹೋದರೆ ಬಿಸಿ ಹೊಟ್ಟೆಯಲ್ಲೇ ಗಂಟು ಕಟ್ಟಿಕೊಳ್ಳುತ್ತದೆ. ಆಗ ಅವರು ನಮ್ಮೂರ ಹಾಸುಬಂಡೆಯ ಮೇಲೆ ಇಳಿಯುತ್ತಾರೆ. ಆಕಾಶ ತೋರಿಸುವ ಕೆಲಸದಲ್ಲಿ ನಮ್ಮನ್ನು ಬಿಟ್ಟರೆ ಯಾರಿದ್ದಾರೆ? ನಮ್ಮ ಹೆಂಗಸರು ತಾಮ್ರದ ತಂತಿಯಲ್ಲಿ ರೆಕ್ಕೆ ಹೊಲಿದುಕೊಡುತ್ತಾರೆ. ಅಷ್ಟರಲ್ಲಿ ನೌಕೆಯ ಹೊಟ್ಟೆಯಿಂದ ಕೊಳವೆ ಎಳೆದುಕೊಂಡು ನಾವು ಭತ್ತ ಬೇಯಿಸುತ್ತೇವೆ, ನೂಲಿಗೆ ಬಣ್ಣ ಕಟ್ಟುತ್ತೇವೆ, ಊರಿಗೆ ಊರೇ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತದೆ. ಒಂದು ನೌಕೆ ಬಿಟ್ಟುಹೋದ ಬಿಸಿಯನ್ನು ಹಂಡೆಗಳಲ್ಲಿ ಮುಚ್ಚಿಟ್ಟುಕೊಂಡರೆ ಇನ್ನೊಂದು ನೌಕೆ ಬರುವ ತನಕ ಸಾಕು. ನಮ್ಮಜ್ಜನ ಕಾಲದಿಂದ ಊರಿನಲ್ಲಿ ಯಾರೂ ಸೌದೆಯ ಒಲೆ ಹಚ್ಚಿಲ್ಲ. ಆ ಋಣಕ್ಕೆ ನಮ್ಮಲ್ಲೊಂದು ಪದ್ಧತಿ: ಬಂದವರ ಪಾತ್ರೆಪದಾರ್ಥ ಏನೇ ನಮ್ಮ ಕೈಗೆ ಬಂದರೂ ಅದನ್ನು ಬೆಳಗಿ, ಫಳಫಳ ಎನ್ನಿಸಿ ವಾಪಸು ಕೊಡಬೇಕು. ಹಾಗೇ ಕೊಟ್ಟರೆ ಊರಿಗೆ ಅವಮಾನ.

ಮೂವತ್ತು ವರ್ಷದ ಹಿಂದೆ, ಹೀಗೇ ಅವರೆಕಾಯಿಯ ಕಾಲದಲ್ಲಿ, ಒಂದು ನೌಕೆ ಬಂತು. ಅದರ ನೆರಳು ಊರನ್ನು ದಾಟುವುದಕ್ಕೆ ಎರಡು ದಿನ ಬೇಕಾಯಿತು. ("ಎಲ್ಡು ದಿನ?" ಎಂದಳು ಚೆಲುವಮ್ಮ. ಸರಿ, ಒಂದು ಮಧ್ಯಾಹ್ನ ಎನ್ನೋಣ.) ಬಾಗಿಲು ತೆರೆದು ಇಳಿದವಳು ತಾರಿಣಿ ಎಂಬ ಹೆಂಗಸು, ನೌಕೆ ನಡೆಸುವವಳು, ನಲವತ್ತರ ಆಸುಪಾಸು. ಮುಖವೆಲ್ಲ ಕೆಂಡದ ಬಣ್ಣ. ಬಂದವಳೇ ನಮ್ಮೆಲ್ಲರಿಗೂ ಎದುರಾಗಿ ನಿಂತು ನಮಸ್ಕಾರ ಮಾಡಿದಳು. ಅಪರಿಚಿತಳೊಬ್ಬಳು ಹೀಗೆ ಮುಖ ಕೊಟ್ಟರೆ ಯಾರಿಗೆ ಸಂಕೋಚವಾಗುವುದಿಲ್ಲ? ಎಲ್ಲರೂ ಪಕ್ಕಕ್ಕೆ ತಿರುಗಿದೆವು. ಅವಳು ತಿರುಗಿದ ಕಡೆಗೇ ಬಂದು ಮತ್ತೆ ಕೈಮುಗಿದಳು. ಹೀಗೆ ಬಂಡೆಯ ಮೇಲೆ ಒಂದು ಸುತ್ತು ಆಯಿತು.

"ದಯವಿಟ್ಟು ನಿಲ್ಲಿ. ನಮಗೆ ತಂಪು ಬೇಕಾಗಿದೆ. ಒಳಗೆ ನಮ್ಮ ವಾಮನರಾಯರು ಇದ್ದಾರೆ" ಎಂದಳು.

ವಾಮನರಾಯರು ಆ ನೌಕೆಯ ಯಂತ್ರ ನೋಡಿಕೊಳ್ಳುವ ಮುದುಕರು. ಬೆಂಕಿಯ ಪಕ್ಕದ ಕಿರುಕೋಣೆಯಲ್ಲಿ ಕೊಳವೆಯೊಂದು ಸಿಡಿದು ತೊಡೆಯ ಮೂಳೆ ಮುರಿದು, ಕಾಲಿಗೆ ಉದ್ದನೆಯ ಕಬ್ಬಿಣದ ಪಟ್ಟಿ ಕಟ್ಟಿ ಅಲ್ಲೇ ಮಲಗಿಸಿದ್ದರು. ಆ ಕೋಣೆಯ ಬಾಗಿಲು ಬಲು ಕಿರಿದು, ಎದುರಿಗೇ ತಿರುವು. ಕಾಲು ಮಡಚಲಾಗದವರನ್ನು ಹೊರಗೆ ತರುವ ಹಾಗಿಲ್ಲ. ಬೆಂಕಿಯನ್ನು ಆರಿಸುವ ಹಾಗೂ ಇಲ್ಲ, ಆರಿಸಿದರೆ ಮತ್ತೆ ಹೊತ್ತುವುದಿಲ್ಲ. ನೌಕೆ ತಣ್ಣಗಾದರೆ ಮಾತ್ರ ರಾಯರು ತಣ್ಣಗಾಗಬೇಕು. ಅವರ ದನಿ ನೌಕೆಯ ಪಕ್ಕದಲ್ಲಿದ್ದ ಆಲಿಕೆಯಂಥ ಕೊಳವೆಯಿಂದ ಬರುತ್ತಿತ್ತು.

"ತಾರಿಣಿ, ಅವರಿಗೆ ಹೇಳು, ನಾನಿನ್ನೂ ಅರೆಬೆಂದಿದ್ದೇನೆ. ಉಪ್ಪು ಹಾಕಿಲ್ಲ" ಎಂದಿತು ಕೊಳವೆ.

ರೆಕ್ಕೆ ಹೊಲಿಯುವ ಹೆಂಗಸರಿಗೆ ಹಿರಿಯಳು ದ್ಯಾವಮ್ಮ. ಅವಳು ರೆಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದೇನವ್ವ, ಇಲಿ ಕಡಿದ ಕಂಬ್ಳಿ ಆಗೈತೆ. ಮೂರ್ ದಿನ ಕೊಡು, ಸರಿಮಾಡಿ ಕೊಡ್ತೀನಿ" ಎಂದಳು. ಆಮೇಲೆ ಕೊಳವೆಗೆ ಬಾಯಿಟ್ಟು, "ಸ್ವಾಮಿ, ಮೂರ್ ದಿನ ಬೇಯ್ದೆ ಇರ್ತೀರಾ?" ಎಂದು ಕೂಗಿದಳು.

"ನಿಧಾನ ಉರಿ ಇಟ್ಟರೆ ಇರುತ್ತೇನಮ್ಮ" ಎಂದರು ರಾಯರು.

ಮೂರು ದಿನ ಊರು ಬಂಡೆಯ ಮೇಲೇ ಇತ್ತು. ಹೆಂಗಸರು ಹೊಲಿದಷ್ಟು ಭಾಗವನ್ನು ಬಿಚ್ಚಿ ಆಕಾಶಕ್ಕೆ ತೋರಿಸುತ್ತಾ ಹೋದರು. ಸೂರ್ಯನಿಗೆ ರೆಕ್ಕೆಯ ಅಂಚು, ಆಕಾಶಕ್ಕೆ ಮುಖ. ಒಂದು ರೆಕ್ಕೆ ಇನ್ನೊಂದನ್ನು ನೋಡಬಾರದು. ಸೂರ್ಯ ಸರಿದಂತೆ ಹಗ್ಗ ಕಟ್ಟಿ ರೆಕ್ಕೆ ತಿರುಗಿಸುತ್ತಿರಬೇಕು. ಎಡಗಡೆಯ ಹಗ್ಗವನ್ನು ಇಪ್ಪತ್ತು ಜನ ಎಳೆದರು, ಬಲಗಡೆಯದನ್ನು ನಾನೊಬ್ಬನೇ ಮೀಸೆಗೆ ಕಟ್ಟಿಕೊಂಡು ಎಳೆದೆ. ನೌಕೆಯ ಹೊಟ್ಟೆಯ ಮೇಲೆ ಗಡಿಯಾರದಂಥದೊಂದು ಇತ್ತು, ಅದರ ಮುಳ್ಳು ಕೆಂಪು ಗೆರೆಯ ಹತ್ತಿರ ಇದ್ದದ್ದು ದಿನದಿನಕ್ಕೂ ಕೆಳಗಿಳಿಯಿತು. ಮೂರನೆಯ ದಿನ ಬೆಳಗ್ಗೆ ಕೊಳವೆಯಿಂದ, "ತಾರಿಣಿ, ಸ್ವಲ್ಪ ಚಳಿ. ಆ ಕಂಬಳಿ ಕೊಡು" ಎಂದು ಕೇಳಿಸಿತು. ಬಂಡೆಯ ಮೇಲಿದ್ದವರೆಲ್ಲ ತಮ್ಮ ಮನೆಯಲ್ಲೇ ಹೆರಿಗೆಯಾದ ಹಾಗೆ ಕುಣಿದಾಡಿದರು. ಊರಿನ ಹಂಡೆಗಳೆಲ್ಲ ತುಂಬಿದ್ದವು, ಆರು ತಿಂಗಳಿಗಾಗುವಷ್ಟು ಬಿಸಿ ಮನೆಮನೆಯಲ್ಲೂ ಇತ್ತು. ಇಷ್ಟೆಲ್ಲ ಕೊಟ್ಟವರಿಗೆ ನಾವೇನು ಕೊಟ್ಟೆವು, ನಾಲ್ಕು ಹೊಲಿಗೆ ಎಂದು ಎಲ್ಲರ ಮನಸ್ಸೂ ಒದ್ದಾಡುತ್ತಿತ್ತು. ಸಂಜೆ ಅವರು ಹೊರಡುವುದೆಂದಾಯಿತು. ಮಧ್ಯಾಹ್ನ ಛತ್ರದಲ್ಲಿ ತಾರಿಣಿಗೂ ರೆಕ್ಕೆ ಹೊಲಿದ ಹೆಂಗಸರಿಗೂ ಊಟ. ಚೆಲುವಮ್ಮ ಬಡಿಸಲು ಹೋದಳು.

ಆ ಹೊತ್ತಿಗೆ ಸರಿಯಾಗಿ, ಯಾರೋ ಒಬ್ಬ ಮೂರ್ಖ (ಹೆಸರು ಬೇಡ, ಎಲ್ಲ ಊರಿನಲ್ಲೂ ಅಂಥವನೊಬ್ಬ ಇರುತ್ತಾನೆ) ಬಂಡೆಯ ಮೇಲಿದ್ದ ಗಂಡಸರನ್ನೆಲ್ಲ ಕೂಡಿಸಿ, "ಏನ್ರಲಾ, ನೆಂಟರ ಪಾತ್ರೇನ ಹಿಂಗೇ ಮಸಿ ಮುಖದಲ್ಲಿ ಕಳಿಸ್ತೀರಾ? ನಮ್ಮೂರ ಮಾನ ಏನಾಗ್ಬೇಕು?" ಎಂದ. ಹೌದಲ್ಲ ಎನ್ನಿಸಿತು ಎಲ್ಲರಿಗೂ. ಎರಡು ಗುಡಾಣ ಹುಣಸೆಹಣ್ಣು ಬಂತು, ಇಟ್ಟಿಗೆಪುಡಿ ಬಂತು, ತೆಂಗಿನ ನಾರು ಬಂತು. ನಲವತ್ತು ಜನ ಎರಡು ರೆಕ್ಕೆಗಳ ಮೇಲೆ ಹತ್ತಿ ತಿಕ್ಕತೊಡಗಿದರು.

"ಯಾರಪ್ಪ ಅದು ನನ್ನ ಬೆನ್ನು ಕೆರೆಯುತ್ತಿರುವುದು?" ಎಂದು ರಾಯರು ಒಳಗಿನಿಂದ ಕೇಳಿದರು.

"ಸುಮ್ನೆ ಮಲಗಿ ಸ್ವಾಮಿ. ನಿಮಗೊಂದು ಸಂತೋಷದ ಸುದ್ದಿ ಕಾದೈತೆ" ಎಂದ ಆ ಮೂರ್ಖ.

ಮಧ್ಯಾಹ್ನದ ಊಟ ಮುಗಿಯುವ ವೇಳೆಗೆ ಎರಡು ರೆಕ್ಕೆಗಳೂ ಚೊಕ್ಕ ತಾಮ್ರ. ಕಣ್ಣು ಬಿಟ್ಟು ನೋಡಲಾಗುತ್ತಿರಲಿಲ್ಲ. ಗಂಡಸರು ಸಾಲಾಗಿ ನಿಂತು ಅದರಲ್ಲಿ ಕ್ರಾಪು ಬಾಚಿಕೊಂಡರು. ಛತ್ರದಿಂದ ಎಲೆ ಅಡಿಕೆ ಮೆಲ್ಲುತ್ತಾ ಬಂದ ಹೆಂಗಸರಲ್ಲಿ ಮೊದಲು ನಿಂತವಳು ದ್ಯಾವಮ್ಮ. ಅವಳ ಬಾಯಲ್ಲಿದ್ದ ಎಲೆ ಅಡಿಕೆ ಕೆಳಗೆ ಬಿತ್ತು. ತಾರಿಣಿ ಓಡಿಹೋಗಿ ಮುಳ್ಳು ನೋಡಿದಳು. ಅದು ಅರ್ಧಕ್ಕೆ ಏರಿಬಿಟ್ಟಿತ್ತು, ನೋಡುತ್ತಿದ್ದಂತೆ ಇನ್ನೊಂದು ಕೂದಲೆಳೆಯಷ್ಟು ಏರಿತು.

"ತಾರಿಣಿ, ಬಂದೆಯಾ? ಕಂಬಳಿ ತೆಗೆದೆ. ಅಂಗಿಯನ್ನೂ ತೆಗೆದೆ. ಇನ್ನು ತೆಗೆಯಲು ಚರ್ಮ ಒಂದು ಉಳಿದಿದೆ" ಎಂದರು ರಾಯರು. ತಮಾಷೆಯ ಮಾತೇ, ಆದರೆ ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಹುಳಿ ಕೊಪ್ಪರಿಗೆ ಮಾಡ್ಬುಟ್ರಲ್ಲೋ ಪಾಪಿಗಳಾ!" ಎಂದಳು ದ್ಯಾವಮ್ಮ. "ಬೆಳಗಿದ್ ಪಾತ್ರೆ ಆಕಾಶಕ್ಕೆ ಬಿಸಿ ಬುಡ್ತದಾ? ದಿನಾ ಉಣ್ತೀರಲ್ಲ, ಅಷ್ಟೂ ತಲೆಗೆ ಹತ್ಲಿಲ್ವಾ? ಒಳಗೆ ಒಬ್ಬ ಮನುಷ್ಯನ್ನ ಇಟ್ಕೊಂಡು ಮುಚ್ಚಳ ಹಾಕಿದೀರಿ!"

ತಾರಿಣಿ ಯಾರನ್ನೂ ಬಯ್ಯಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಅವಳು ನಮ್ಮ ಯಾರಿಗೂ ಎದುರಾಗದೆ, ಪಕ್ಕಕ್ಕೆ ತಿರುಗಿ ಮಾತಾಡಿದಳು. "ಮುಳ್ಳು ಗೆರೆ ಮುಟ್ಟಲು ಇನ್ನು ಒಂದು ಗಂಟೆ ಬೇಕು. ಮುಟ್ಟಿದ ಮೇಲೆ ಆ ಕೋಣೆಯಲ್ಲಿ ಯಾರೂ ಬದುಕಿರುವುದಿಲ್ಲ. ಅಷ್ಟರೊಳಗೆ ಇವು ಕಪ್ಪಾಗಬೇಕು. ನಿಮ್ಮ ಊರಿನಲ್ಲಿ ಮಸಿ ಎಷ್ಟಿದೆ?"

ಎಲ್ಲರೂ ಒಬ್ಬರ ಬೆನ್ನನ್ನು ಒಬ್ಬರು ನೋಡಿಕೊಂಡೆವು. ಮಸಿ ಎಲ್ಲಿಂದ ಬರಬೇಕು? ಒಲೆಯೇ ಹಚ್ಚದ ಊರು. ಗೋಡೆಗಳು ಬೆಳ್ಳಗೆ, ಮಾಡು ಬೆಳ್ಳಗೆ. ಈಗ ಸೌದೆ ಉರಿಸಿ ಹೊಗೆ ಹಿಡಿಯೋಣವೆಂದರೆ ಅಷ್ಟು ಹೊತ್ತೆಲ್ಲಿದೆ? ಬಾಣಂತಿಯರು ಓಡಿಹೋಗಿ ಕಾಡಿಗೆ ಕರಡಿಗೆ ತಂದರು. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ಬಟ್ಟಲು ಕವುಚಿ, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಡಲು ಹಿಡಿದ ಕಾಡಿಗೆ. ಊರಿನ ಅಷ್ಟೂ ಮಕ್ಕಳ ಕಾಡಿಗೆ ಸೇರಿಸಿ ಬಳಿದಾಗ ರೆಕ್ಕೆಯ ಮೂಲೆಯಲ್ಲಿ ಒಂದು ಚಾಪೆಯಗಲ ಕಪ್ಪಾಯಿತು. ಮುಳ್ಳು ಏರುತ್ತಲೇ ಇತ್ತು. ಕೊಳವೆಯ ಮಾತು ಕಡಿಮೆಯಾಯಿತು. ತಾರಿಣಿ ಕೊಳವೆಗೆ ಬಾಯಿಟ್ಟು ಏನೇನೋ ಕೇಳುತ್ತಿದ್ದಳು, ಹಾಡು ಹೇಳಿ ಎನ್ನುತ್ತಿದ್ದಳು. ರಾಯರು "ಆಮೇಲೆ" ಎನ್ನುತ್ತಿದ್ದರು.

ಆಗ ನಾನು ಎದ್ದು ನಿಂತೆ. ಇಂಥದೊಂದು ದಿನ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೆಂದೇ ಛತ್ರದ ಹನ್ನೆರಡು ಕೊಪ್ಪರಿಗೆಗಳ ತಳವನ್ನು ನಾನು ಬೆಳಗದೆ, ಸೌದೆ ಒಲೆಯ ಕಾಲದಲ್ಲಿ ನಮ್ಮಜ್ಜ ಹಿಡಿಸಿದ ಮಸಿಯನ್ನು ಒಂದು ಚೂರೂ ಉದುರದ ಹಾಗೆ, ಗುಟ್ಟಾಗಿ, ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ. "ಯಾರೂ ಹೆದರಬೇಡಿ" ಎಂದೆ. ಗುಡುಗಿನಂಥ ದನಿ ನನ್ನದು. ಎರಡು ಕಂಕುಳಲ್ಲಿ ಆರಾರು ಕೊಪ್ಪರಿಗೆ ಇರುಕಿಕೊಂಡು ಬಂದು ಬಂಡೆಯ ಮೇಲೆ ಬೋರಲು ಹಾಕಿದೆ. ಹನ್ನೆರಡು ತಳಗಳೂ ಕರಡಿಯ ಬೆನ್ನಿನ ಹಾಗೆ ಕಪ್ಪಗೆ, ಹೆಬ್ಬೆರಳು ದಪ್ಪ ಮಸಿ. ಜನ ಈಳಿಗೆಮಣೆ, ಕುಡುಗೋಲು, ತೆಂಗಿನ ತುರಿಮಣೆ ಏನು ಸಿಕ್ಕಿದರೆ ಅದರಲ್ಲಿ ಹೆರೆದರು. ದ್ಯಾವಮ್ಮ ಹರಳೆಣ್ಣೆ ಹಾಕಿ ಕಲಸಿದಳು. ಬಳಿಯಲು ಕುಂಚ ಎಲ್ಲಿದೆ? ಅಂಗೈಯಲ್ಲೇ ಬಳಿದೆವು. ನಲವತ್ತು ಮನೆಯ ಕೈ, ದೊಡ್ಡದು, ಚಿಕ್ಕದು, ಬಳೆ ಹಾಕಿದ್ದು, ಆರು ಬೆರಳಿನದು, ಎಲ್ಲವೂ ಓಡಾಡಿದವು. ತಾರಿಣಿಯೂ ಮೊಣಕೈ ತನಕ ಅದ್ದಿಕೊಂಡು ಬಳಿದಳು. ಬಳಿದು ಮುಗಿದಾಗ ಮುಳ್ಳು ಕೆಂಪು ಗೆರೆಗೆ ಒಂದು ಭತ್ತದ ಕಾಳಿನಷ್ಟು ದೂರದಲ್ಲಿತ್ತು.

ಹಗ್ಗ ಎಳೆದು ರೆಕ್ಕೆಗಳನ್ನು ಆಕಾಶಕ್ಕೆ ತಿರುಗಿಸಿ ಕೂತೆವು. ಮುಳ್ಳು ಏರಲಿಲ್ಲ, ಇಳಿಯಲೂ ಇಲ್ಲ. ಕೊಳವೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ತಾರಿಣಿ ಅದಕ್ಕೆ ಕಿವಿಯಿಟ್ಟು ಕೂತಿದ್ದಳು, ಅವಳ ಕೆನ್ನೆಗೆ ಮಸಿ ಹತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಮುಳ್ಳು ಒಮ್ಮೆ ನಡುಗಿ ಕೆಳಗೆ ಜಾರಿತು. ಇನ್ನೂ ಎಷ್ಟೋ ಹೊತ್ತಾದ ಮೇಲೆ, ನೆರಳುಗಳು ಬಂಡೆಯ ಅಂಚಿಗೆ ಬಂದಾಗ, ಕೊಳವೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ತಾರಿಣಿ, ಆ ಕಂಬಳಿ ಎಲ್ಲಿಟ್ಟೆ?"

ಅವಳು ಬಂಡೆಯ ಮೇಲೆ ಕೂತುಬಿಟ್ಟು ಅತ್ತಳು. ದ್ಯಾವಮ್ಮ ಅವಳ ಎದುರಿಗೇ ಕೂತು ಮುಖ ಕೊಟ್ಟಳು. ತಾರಿಣಿಗೆ ನಡುಕ ಹತ್ತಿತ್ತು.

ಮಾರನೆಯ ಬೆಳಗ್ಗೆ ಅವರು ಹೊರಟರು. ಹೊರಡುವ ಮುಂಚೆ ತಾರಿಣಿ ಕೊಪ್ಪರಿಗೆಯ ಮಸಿ ಕಾಪಾಡಿದವರು ಯಾರು ಎಂದು ಕೇಳಿ, ನನ್ನ ಎದುರಿಗೆ ಬಂದು ನಿಂತು, ನನ್ನ ಕಪ್ಪು ಅಂಗೈಗಳನ್ನು ತನ್ನ ಕಪ್ಪು ಅಂಗೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ರೆಕ್ಕೆಯ ಮೇಲಿನ ಕೈಗುರುತುಗಳನ್ನು ಸಮ ಮಾಡಿಕೊಡುತ್ತೇವೆಂದರೆ ಬೇಡವೆಂದಳು. ಈಗಲೂ ಎಲ್ಲೋ ಮೇಲೆ ನಮ್ಮೂರಿನ ಅಷ್ಟೂ ಕೈಗಳು ಕತ್ತಲೆಯ ಕಡೆಗೆ ತೆರೆದುಕೊಂಡಿವೆ, ಆ ನೌಕೆಯ ಬಿಸಿಯನ್ನು ಚೆಲ್ಲುತ್ತಿವೆ. ಅದರಲ್ಲಿ ಅತ್ಯಂತ ದೊಡ್ಡ ಎರಡು ಕೈ ನನ್ನವು. ಇನ್ನು ಮುಂದೆ ಕೊಪ್ಪರಿಗೆಯ ತಳ ಬೆಳಗಬಾರದು ಎಂದು ಅಂದೇ ಊರಿನಲ್ಲಿ ಕಟ್ಟುಮಾಡಿದರು. ನನ್ನ ಮುಂದಾಲೋಚನೆ ಹೀಗೆ ಪದ್ಧತಿಯಾಯಿತು. ಇಲ್ಲಿಗೆ ಲೇಖನಿ ಕೆಳಗಿಟ್ಟೆ.

"ಮುಗೀತಾ?" ಎಂದಳು ಬೆನ್ನ ಹಿಂದಿನಿಂದ ಚೆಲುವಮ್ಮ.

"ಮುಗೀತು. ಹೆಂಗೈತೆ?"

"ಚೆಂದಾಗೈತೆ. ಆ ಮೂರ್ಖನ ಹೆಸ್ರೇ ಬರ್ಲಿಲ್ವಲ್ಲ."

"ಮೂವತ್ತು ವರ್ಷ ಆಯ್ತು ಕಣೇ. ಯಾರಿಗೆ ನೆನಪಿರುತ್ತೆ?"

"ನನಗೈತೆ" ಎಂದಳು. ಒಂದು ಅವರೆಕಾಯಿ ಸುಲಿದಳು, ಇನ್ನೊಂದು ಸುಲಿದಳು. "ಆ ಎಲ್ಡು ಗುಡಾಣ ಹುಣಸೆಹಣ್ಣು ನಮ್ಮನೇದು. ಊಟಕ್ಕೆ ಬಡಿಸಿ ಮನೆಗೆ ಬಂದು ನೋಡಿದ್ರೆ ತಳ ಕಾಣ್ತಾ ಇತ್ತು. ಆರ್ ತಿಂಗ್ಳು ನಿಂಬೆಹುಳೀಲಿ ಸಾರು ಮಾಡಿ ಹಾಕಿದೀನಿ ನಿನಗೆ. ನೀನೇ ಬರೀತೀಯಾ, ನಾನು ಕೂಗಿ ಹೇಳ್ಲಾ?"

ಲೇಖನಿ ಮತ್ತೆ ಎತ್ತಿಕೊಂಡಿದ್ದೇನೆ. ಆ ಮೂರ್ಖ ನಾನೇ. ಬೆಳಗಿದ ಪಾತ್ರೆ ಬಿಸಿ ಬಿಡುವುದಿಲ್ಲವೆಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ನಾನು, ಹುಟ್ಟಿದಾಗಿನಿಂದ ಅದರಲ್ಲೇ ಅನ್ನ ತಿಂದವನು. ಆದರೆ ಅಷ್ಟು ದೊಡ್ಡ ರೆಕ್ಕೆ ಹೊಳೆಯುವುದನ್ನು ಕಂಡು ತಾರಿಣಿ, "ಇದನ್ನು ಬೆಳಗಿದವರು ಯಾರು?" ಎಂದು ಕೇಳಬೇಕಿತ್ತು ನನಗೆ. ಆ ಒಂದು ಪ್ರಶ್ನೆಗಾಗಿ ಉಳಿದದ್ದೆಲ್ಲ ಮರೆತೆ. ಕೊಪ್ಪರಿಗೆಯ ತಳದ ಮಾತೂ ಅಷ್ಟೇ. ಮುಂದಾಲೋಚನೆ ಯಾವುದೂ ಇರಲಿಲ್ಲ. ಸೋಮಾರಿತನ. ತಳ ಆಕಾಶ ನೋಡುವುದಿಲ್ಲ, ಹುಳಿ ಆರುವುದಿಲ್ಲ, ಯಾರೂ ಬಗ್ಗಿ ನೋಡುವುದಿಲ್ಲ. ನಾನೇಕೆ ತಿಕ್ಕಬೇಕು ಎಂದು ಕಾಣುವ ಕ‌ಡೆಯಷ್ಟೇ ಬೆಳಗಿ, ಒಳಗೂ ಹೊರಗೂ ಬೆಳಗಿದ್ದೇನೆಂದು ವರ್ಷ ವರ್ಷ ಊರಿನವರಿಂದ ಶಾಲು ಹೊದಿಸಿಕೊಂಡೆ. ನಮ್ಮಪ್ಪನೂ ಹಾಗೇ ಮಾಡಿದ್ದ. ಶಾಲುಗಳು ಈಗಲೂ ಪೆಟ್ಟಿಗೆಯಲ್ಲಿವೆ.

ಕಾಡಿಗೆ ಸಾಲದೆ ಎಲ್ಲರೂ ಕೈಚೆಲ್ಲಿ ನಿಂತಾಗ ನಾನು ಎದ್ದು ನಿಲ್ಲಲೂ ಇಲ್ಲ, ಗುಡುಗಲೂ ಇಲ್ಲ. ಗುಂಪಿನ ಹಿಂದೆ ಅಡಗಿದ್ದೆ. ಚೆಲುವಮ್ಮ ಹತ್ತಿರ ಬಂದು ನನ್ನ ಕಿವಿಯಲ್ಲಿ, "ಹೋಗಿ ನಿನ್ನ ಕೊಪ್ಪರಿಗೆ ಬೋರಲು ಹಾಕು. ನಾಚ್ಕೆ ಆಮೇಲೆ ಪಡುವಂತೆ" ಎಂದಳು. ಅವಳಿಗೆ ಮದುವೆಯಾದ ವರ್ಷದಿಂದಲೇ ಗೊತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಇನ್ನು ಮುಂದಿನದು ಬರೆಯಲು ಕಷ್ಟ. ಅವಳು ಹೇಳಿದ ಮೇಲೂ ನಾನು ಕದಲಲಿಲ್ಲ. ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ನಿಂತೇ ಇದ್ದೆ. ಒಳಗೆ ಒಬ್ಬ ಮುದುಕ ಬೇಯುತ್ತಿದ್ದ, ಹೊರಗೆ ನಾನು ಜನ ಏನೆನ್ನುತ್ತಾರೋ ಎಂದು ಯೋಚಿಸುತ್ತಿದ್ದೆ. ಚೆಲುವಮ್ಮ ಕಾಯಲಿಲ್ಲ. ತಾನೇ ಛತ್ರಕ್ಕೆ ಓಡಿ ಮೊದಲನೆಯ ಕೊಪ್ಪರಿಗೆಯ ಅಂಚಿನ ಹಿಡಿಬಳೆ ಹಿಡಿದು ಉರುಳಿಸಿಕೊಂಡು ಬಂದಳು. ಆಮೇಲೆ ನಾನು ಓಡಿದೆ. ಆಮೇಲೆ ಎಲ್ಲರೂ ಓಡಿದರು. ಒಂದೊಂದಕ್ಕೆ ನಾಲ್ಕು ಜನ ಬೇಕಾಯಿತು. ತಳ ನೋಡಿದ ದ್ಯಾವಮ್ಮ, "ಇದೇನ್ಲಾ ಜವರಯ್ಯ, ಇಷ್ಟು ಮಸಿ?" ಎಂದು ಕಣ್ಣು ಕಿರಿದು ಮಾಡಿದಳು. ಉತ್ತರ ಕೊಟ್ಟವಳೂ ಚೆಲುವಮ್ಮನೇ. "ನಮ್ಮೆಜಮಾನ್ರು ಬೇಕೂಂತ ಎತ್ತಿಟ್ಟಿದ್ರು, ಎಂದಾದ್ರೂ ಬೇಕಾಗ್ತದೆ ಅಂತ." ಮೂವತ್ತು ವರ್ಷದಿಂದ ನಾನು ಹೇಳಿಕೊಂಡು ತಿರುಗುತ್ತಿರುವ ಈ ಸುಳ್ಳು ಕೂಡ ನನ್ನದಲ್ಲ. ಅವಳು ಕೊಟ್ಟದ್ದು. ತಾರಿಣಿ ಹಿಡಿದುಕೊಳ್ಳಬೇಕಾಗಿದ್ದ ಕೈಯೂ ನನ್ನದಲ್ಲ. ಈಗ ನನ್ನ ಅಂಗೈಯಲ್ಲಿರುವ ಕಪ್ಪು ಬೆಳಗ್ಗೆ ಸೈಕಲ್ಲಿನ ಚೈನು ಹಾಕುವಾಗ ಹತ್ತಿದ್ದು.

ಇಷ್ಟನ್ನು ಗಟ್ಟಿಯಾಗಿ ಓದಿ ಮುಗಿಸಿದೆ. ಹಿಂದಿನಿಂದ ಕೆಮ್ಮು ಬರಲಿಲ್ಲ. ನಾನು ಎದ್ದು, ಜಗಲಿಯನ್ನು ಸುತ್ತಿಕೊಂಡು ಹೋಗಿ, ಅವಳ ಎದುರಿಗೆ ಕೂತೆ.

"ಏನಾಯ್ತು, ನಡುಕ ಬಂತಾ?" ಎಂದು ಗಾಬರಿಯಾದಳು.

"ಇಲ್ಲ."

"ಮತ್ತೆ ಯಾಕೆ ಮುಖ ಕೊಡ್ತಾ ಇದೀಯ?"

"ಆವತ್ತು ನೀನು ಕಿವೀಲಿ ಹೇಳ್ದೆ. ಎಲ್ಲರ ಮುಂದೆ ಕೂಗಿ ಹೇಳ್ಲಿಲ್ಲ. ಅದಕ್ಕೆ."

ಅವಳು ಮಡಿಲಿನ ಕಾಯಿ ನೋಡುತ್ತಾ, "ಕೂಗಿದ್ರೆ ಹೊತ್ತಾಗ್ತಿತ್ತು. ಜನ ನಗೋದು ಮುಗೀಬೇಕಲ್ಲ" ಎಂದಳು. ಆಮೇಲೆ ಮೊರವನ್ನು ಇಬ್ಬರ ನಡುವೆ ಸರಿಸಿದಳು. ನಾನೂ ಸುಲಿಯತೊಡಗಿದೆ. ಅವಳ ಬಿಸಿ ನನಗೆ ಬರುತ್ತಿತ್ತು, ನನ್ನದು ಅವಳಿಗೆ. ಸ್ವಲ್ಪ ಹೊತ್ತಿನಲ್ಲೇ ಇಬ್ಬರ ಹಣೆಯಲ್ಲೂ ಬೆವರು. ಇಬ್ಬರೂ ತಿರುಗಿ ಕೂರಲಿಲ್ಲ.

"ಅಂದ್ರೆ ಎಲ್ಲಾ ಸುಳ್ಳೇ" ಎಂದಳು, ಸೆರಗಿನಲ್ಲಿ ಹಣೆ ಒರೆಸಿಕೊಂಡು.

"ಎಮ್ಮೆ ಬಿದ್ದದ್ದು ನಿಜ" ಎಂದೆ. "ಕರು ಮಾತ್ರ ಸುಳ್ಳು."